ಜೂನ್‌ನಲ್ಲಿ ನಾತ ಬಾರದ ಗೊಬ್ಬರ: ಕರಾವಳಿ ಮತ್ತು ಶಿರಸಿ ಸೀಮೆಯ ಮನೆ, ಖಾನಾವಳಿಗಳಿಗೆ ಹಸಿ ಕಸದ ಮಾರ್ಗದರ್ಶಿ

ಕಾರವಾರದಿಂದ ಭಟ್ಕಳದವರೆಗೆ, ಘಟ್ಟ ಹತ್ತಿದರೆ ಶಿರಸಿ, ಸಿದ್ದಾಪುರ, ಯಲ್ಲಾಪುರದವರೆಗೆ ಹಸಿ ಕಸದಿಂದ ಗೊಬ್ಬರ ಮಾಡಲು ಹೊರಟವರು ಎಡವುವುದು ಒಂದೇ ಜಾಗದಲ್ಲಿ. ಫೆಬ್ರುವರಿಯಲ್ಲಿ ಉತ್ಸಾಹದಿಂದ ಡ್ರಮ್ ತರುತ್ತಾರೆ. ಮೇ ತಿಂಗಳವರೆಗೆ ಎಲ್ಲವೂ ಸರಿಯಾಗಿರುತ್ತದೆ. ಜೂನ್ ಮುಗಿಯುವುದರೊಳಗೆ ಡ್ರಮ್ಮಿನಲ್ಲಿ ಕಪ್ಪು ರಾಡಿ, ಮುಚ್ಚಳದ ಅಡಿಯಲ್ಲಿ ಹುಳ, ಬೇಲಿಯಾಚೆಯಿಂದ ನೆರೆಮನೆಯವರ ಗೊಣಗಾಟ. ಜುಲೈನಲ್ಲಿ ಡ್ರಮ್ ಮಗುಚಿ ಬೀಳುತ್ತದೆ, ಕಸ ಮತ್ತೆ ಪ್ಲಾಸ್ಟಿಕ್ ಚೀಲ ಸೇರುತ್ತದೆ.

ಇದಕ್ಕೆ ಕಾರಣ ಸೋಮಾರಿತನವಲ್ಲ. ಓದಿಕೊಂಡ ಸೂಚನೆಗಳೆಲ್ಲ ಬಯಲುಸೀಮೆಯ ಹವೆಗೆ ಬರೆದವು. ಬೆಂಗಳೂರಿನಲ್ಲಿ ವರ್ಷವಿಡೀ ಬೀಳುವ ಮಳೆ ಸಾವಿರ ಮಿಲಿಮೀಟರ್ ಆಸುಪಾಸು. ಕಾರವಾರದಲ್ಲಿ ಅದರ ಮೂರು ಪಟ್ಟು, ಅದೂ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ ನಡುವೆ. ‘ಒಣಗಿದರೆ ನೀರು ಚಿಮುಕಿಸಿ’ ಎಂಬ ಸಲಹೆ ಅಲ್ಲಿಗೆ ಸರಿ. ಇಲ್ಲಿ ಗಾಳಿಯೇ ಒದ್ದೆ. ತರಕಾರಿ ಸಿಪ್ಪೆಯಲ್ಲಿ ನೂರಕ್ಕೆ ಎಂಬತ್ತರಿಂದ ತೊಂಬತ್ತು ಪಾಲು ನೀರೇ ಇರುತ್ತದೆ. ಗೊಬ್ಬರ ಮಾಡುವ ಸೂಕ್ಷ್ಮಜೀವಿಗಳಿಗೆ ಬೇಕಾದದ್ದು ಐವತ್ತರಿಂದ ಅರವತ್ತು ಪಾಲಿನ ತೇವ ಮತ್ತು ನಡುನಡುವೆ ಗಾಳಿ. ಗಾಳಿಯ ಜಾಗವನ್ನು ನೀರು ತುಂಬಿದರೆ ಗಾಳಿಯಿಲ್ಲದೆ ಬದುಕುವ ಬೇರೆ ಜೀವಿಗಳು ಕೆಲಸಕ್ಕಿಳಿಯುತ್ತವೆ. ನಾತ ಅವುಗಳದ್ದು.

ಹಾಗಾಗಿ ನಮ್ಮ ಕಡೆ ಮಳೆಗಾಲದ ಗೊಬ್ಬರದ ಕೆಲಸ ಡ್ರಮ್ಮಿನಿಂದ ಶುರುವಾಗುವುದಿಲ್ಲ, ಬೇಸಿಗೆಯ ದರಕಿನಿಂದ, ಅಂದರೆ ಉದುರಿದ ಒಣ ಎಲೆಯಿಂದ ಶುರುವಾಗುತ್ತದೆ. ಕೆಳಗಿನ ಹಂತಗಳ ಕ್ರಮ ತಪ್ಪಿಸಬೇಡಿ.

1. ಏಪ್ರಿಲ್, ಮೇ: ದರಕು ಕೂಡಿಡಿ

ಮಳೆಗಾಲಕ್ಕೆ ಕಟ್ಟಿಗೆ ಕೂಡಿಡುತ್ತೇವೆ, ದನಕ್ಕೆ ಹುಲ್ಲು ಕೂಡಿಡುತ್ತೇವೆ. ಒಣ ಎಲೆಯನ್ನು ಮಾತ್ರ ದಿನಾ ಬೆಳಿಗ್ಗೆ ಗುಡಿಸಿ ಬೆಂಕಿ ಕೊಡುತ್ತೇವೆ. ಮೊದಲು ನಿಲ್ಲಬೇಕಾದದ್ದು ಆ ಬೆಂಕಿ.

ಎಷ್ಟು ಬೇಕು ಎಂಬ ಲೆಕ್ಕ ಸುಲಭ. ನಾಲ್ಕು ಜನರ ಮನೆಯಲ್ಲಿ ದಿನಕ್ಕೆ ಸುಮಾರು ಒಂದು ಕಿಲೋ ಹಸಿ ಕಸ. ಅದಕ್ಕೆ ಮಳೆಗಾಲದಲ್ಲಿ ಮೂರು ನಾಲ್ಕು ಲೀಟರ್ ಅಳತೆಯ ಪುಡಿ ದರಕು ಬೇಕು. ನಾಲ್ಕು ತಿಂಗಳಿಗೆ ಪುಡಿ ಮಾಡಿದ ದರಕು ಐದು ದೊಡ್ಡ ಚೀಲ. ಪುಡಿ ಮಾಡದೆ ತುಂಬಿದರೆ ಅದರ ಎರಡು ಮೂರು ಪಟ್ಟು ಚೀಲಗಳು ಬೇಕಾಗುತ್ತವೆ.

ಪುಡಿ ಮಾಡಲು ಯಂತ್ರ ಬೇಡ. ಮೇ ತಿಂಗಳ ಮಧ್ಯಾಹ್ನ ಎರಡು ಗಂಟೆಗೆ, ಎಲೆ ಕೈಯಲ್ಲಿ ಹಿಡಿದರೆ ಹಪ್ಪಳದಂತೆ ಮುರಿಯುವ ಹೊತ್ತಿಗೆ, ಚೀಲದಲ್ಲಿ ಅರ್ಧ ತುಂಬಿ ಬಾಯಿ ಕಟ್ಟಿ ತುಳಿಯಿರಿ. ಬೂಟು ಹಾಕಿಕೊಂಡೇ ತುಳಿಯಿರಿ, ದರಕಿನಲ್ಲಿ ಚೇಳಿರುತ್ತದೆ. ಇದೇ ಎಲೆ ಜೂನ್ ಹತ್ತರ ನಂತರ ಬಟ್ಟೆಯಂತೆ ಮೆತ್ತಗಾಗುತ್ತದೆ, ಎಷ್ಟು ತುಳಿದರೂ ಪುಡಿಯಾಗುವುದಿಲ್ಲ.

ಎಲ್ಲ ಎಲೆಯೂ ಒಂದೇ ಅಲ್ಲ. ಮತ್ತಿ, ನಂದಿಯಂಥ ಎಲೆಯುದುರುವ ಮರಗಳದ್ದು ಬೇಗ ಕರಗುತ್ತದೆ. ಮಾವು, ಹಲಸು, ಗೇರು ಎಲೆಗಳು ದಪ್ಪ, ಪುಡಿ ಮಾಡಿದರೆ ಮಾತ್ರ ಉಪಯೋಗ. ಅಕೇಶಿಯಾ ಎಲೆ, ಕಡಲ ದಂಡೆಯ ಗಾಳಿಮರದ ಸೂಜಿ ಎರಡೂ ಕರಗಲು ಬಹಳ ತಡ. ಕಾಲುಭಾಗಕ್ಕಿಂತ ಹೆಚ್ಚು ಬೆರೆಸಬೇಡಿ. ಮರದ ಮಿಲ್ಲಿನ ಹೊಟ್ಟು ನೀರು ಹೀರುವುದರಲ್ಲಿ ಗಟ್ಟಿ, ಆದರೆ ಒಂದನ್ನೇ ಹಾಕಿದರೆ ಮುದ್ದೆಗಟ್ಟಿ ಗಾಳಿ ತಡೆಯುತ್ತದೆ, ದರಕಿನ ಜೊತೆ ಬೆರೆಸಿ. ಪ್ಲೈವುಡ್ ಕೊಯ್ದ ಹೊಟ್ಟು ಬೇಡ, ಅದರಲ್ಲಿ ಅಂಟು ಇರುತ್ತದೆ. ತೆಂಗಿನ ನಾರಿನ ಪುಡಿ ಹಿನ್ನೀರಿನಲ್ಲಿ ನೆನೆಸಿದ ಕಾಯಿಸಿಪ್ಪೆಯದ್ದಾದರೆ ಉಪ್ಪಿರುತ್ತದೆ, ಬೇಸಿಗೆಯಲ್ಲೇ ಸಿಹಿನೀರಿನಲ್ಲಿ ತೊಳೆದು ಒಣಗಿಸಿಡಿ.

ಶಿರಸಿ ಕಡೆಯವರಿಗೆ ಒಂದು ಮಾತು. ತೋಟಕ್ಕೆ ಸೊಪ್ಪು ತರುವ ಸೊಪ್ಪಿನ ಬೆಟ್ಟ ಇದೆ ಎಂದು ಬೆಟ್ಟದ ದರಕನ್ನೆಲ್ಲ ಬಳಿದು ತರಬೇಡಿ. ಆ ನೆಲಕ್ಕೂ ಅದೇ ಗೊಬ್ಬರ, ಮೊದಲ ಮಳೆಯ ಹೊಡೆತದಿಂದ ಮಣ್ಣನ್ನು ಕಾಯುವುದೂ ಅದೇ. ಅಂಗಳ, ರಸ್ತೆಬದಿ, ಶಾಲೆಯ ಆವರಣದಲ್ಲಿ ಸುಡುವುದಕ್ಕೆಂದು ಗುಡ್ಡೆ ಹಾಕಿದ್ದನ್ನು ಎತ್ತಿಕೊಂಡರೆ ಒಂದು ಮನೆಗೆ ಸಾಕು.

ಕೂಡಿಡಲು ಗೋಣಿಚೀಲಕ್ಕಿಂತ ಹಳೆಯ ಯೂರಿಯಾ ಚೀಲ ಮೇಲು. ಗೋಣಿ ಗಾಳಿಯ ತೇವ ಎಳೆದುಕೊಳ್ಳುತ್ತದೆ. ಅಟ್ಟದ ಮೇಲೆ ಜಾಗವಿಲ್ಲದಿದ್ದರೆ ಕೊಟ್ಟಿಗೆಯಲ್ಲಿ ಅಡಿಕೆ ದಬ್ಬೆ (ಅಡಿಕೆ ಮರ ಸೀಳಿದ ಪಟ್ಟಿ) ಹಾಸಿ ಅದರ ಮೇಲಿಡಿ, ನೆಲಕ್ಕೆ ತಾಗಿಸಬೇಡಿ.

2. ಜಾಗ ಮತ್ತು ಮಾಡು

ಅಜ್ಜನ ಕಾಲದ ಗೊಬ್ಬರಗುಂಡಿ ನೆನಪಿಟ್ಟುಕೊಂಡು ಹಿತ್ತಿಲಿನಲ್ಲಿ ಗುಂಡಿ ತೋಡುವುದು ಬಹುಸಾಮಾನ್ಯ ತಪ್ಪು. ಕೊಟ್ಟಿಗೆಯ ಗುಂಡಿಗೆ ಹೊರೆಗಟ್ಟಲೆ ಸೊಪ್ಪು, ದರಕು ಬೀಳುತ್ತಿತ್ತು. ನಿಮ್ಮ ಗುಂಡಿಗೆ ಬೀಳುವುದು ಸೌತೆಸಿಪ್ಪೆ ಮತ್ತು ಮಳೆನೀರು. ಕರಾವಳಿಯ ತಗ್ಗು ಹಿತ್ತಿಲುಗಳಲ್ಲಿ ಜುಲೈ ಹೊತ್ತಿಗೆ ಎರಡಡಿ ತೋಡಿದರೆ ನೀರು ಕಾಣುತ್ತದೆ.

ನೆಲದ ಮೇಲೆಯೇ ಮಾಡಿ, ಮೇಲೊಂದು ಮಾಡು ಇರಲಿ. ತಗಡೋ ಹಂಚೋ ಯಾವುದಾದರೂ ಆದೀತು, ಆದರೆ ಡ್ರಮ್ಮಿನಿಂದ ಸುತ್ತಲೂ ಎರಡಡಿ ಹೊರಚಾಚಿರಬೇಕು. ಇಲ್ಲಿಯ ಮಳೆ ನೆಟ್ಟಗೆ ಬೀಳುವುದಿಲ್ಲ, ನೈರುತ್ಯದಿಂದ ಓರೆಯಾಗಿ ಬಡಿಯುತ್ತದೆ. ಆ ಬದಿಗೆ ಮಡಲಿನ ತಟ್ಟಿ ಅಥವಾ ಸೋಗೆ ಕಟ್ಟಿ, ಉಳಿದ ಬದಿಗಳನ್ನು ಗಾಳಿಗೆ ಬಿಡಿ. ಬಾವಿಯಿರುವ ಮನೆಯಾದರೆ ಬಾವಿಗಿಂತ ತಗ್ಗಿನಲ್ಲಿ, ಆದಷ್ಟು ದೂರ.

ಪೇಟೆಯ ಫ್ಲ್ಯಾಟಿನವರಿಗೆ ಮಳೆ ಬಡಿಯದ ಬಾಲ್ಕನಿ ಮೂಲೆ ಸಾಕು.

3. ಡ್ರಮ್, ಅದಕ್ಕೆ ತೂತು

ಬೇಕಾಗುವ ಸಾಮಾನು: ಎಂಬತ್ತರಿಂದ ನೂರು ಲೀಟರಿನ ಮುಚ್ಚಳವಿರುವ ಡ್ರಮ್ ಎರಡು, ಡ್ರಿಲ್, ಸೊಳ್ಳೆಪರದೆಯ ಜಾಲರಿ, ನಾಲ್ಕು ಚಿರೆಕಲ್ಲು, ಕೆಳಗಿಡಲು ಅಗಲ ಬೋಗುಣಿ, ಕೈಗುದ್ದಲಿ ಅಥವಾ ಮುಳ್ಳುಗೋಲು. ಒಂದೇ ಡ್ರಮ್ ತರಬೇಡಿ. ಅದು ತುಂಬಿದ ಮೇಲೆ ಹಣ್ಣಾಗಲು ತಿಂಗಳುಗಳು ಬೇಕು. ಆ ತಿಂಗಳುಗಳ ಕಸ ಎಲ್ಲಿಗೆ ಹೋಗಬೇಕು?

ತಳಕ್ಕೆ ಹತ್ತು ಹನ್ನೆರಡು ತೂತು, ಬದಿಗಳಲ್ಲಿ ಗೇಣಿಗೊಂದರಂತೆ ಸುತ್ತಲೂ ಸಾಲು. ಪೆನ್ಸಿಲ್ ದಪ್ಪ ಸಾಕು. ಹೆಬ್ಬೆರಳು ಹೋಗುವಷ್ಟು ದೊಡ್ಡದು ಮಾಡಿದರೆ ಇಲಿ ಹಲ್ಲು ಹಾಕಿ ಹಿಗ್ಗಿಸುತ್ತದೆ. ಒಳಗಿನಿಂದ ಜಾಲರಿ ಅಂಟಿಸಿ. ಡ್ರಮ್ಮನ್ನು ಚಿರೆಕಲ್ಲಿನ ಮೇಲೆ ಎತ್ತಿಡಿ, ಕೆಳಗೆ ಬೋಗುಣಿ. ತಳದಲ್ಲಿ ತೂತಿಲ್ಲದೆ ಮುಚ್ಚಳದಲ್ಲಿ ಮಾತ್ರ ತೂತು ಮಾಡಿದ ಡ್ರಮ್‌ಗಳನ್ನು ಈ ಕಡೆ ಬಹಳ ಮನೆಗಳಲ್ಲಿ ನೋಡುತ್ತೇವೆ. ಅವು ಗೊಬ್ಬರದ ಡ್ರಮ್‌ಗಳಲ್ಲ, ಕೊಳೆನೀರಿನ ಹಂಡೆಗಳು.

ತೋಟದ ಮನೆಯವರಿಗೆ ಡ್ರಮ್ಮೇ ಬೇಡ. ಅಡಿಕೆ ದಬ್ಬೆಯಿಂದ ಮೂರಡಿ ಉದ್ದ, ಮೂರಡಿ ಅಗಲ, ಮೂರಡಿ ಎತ್ತರದ ಗೂಡು ಕಟ್ಟಿ ಮಾಡಿನ ಕೆಳಗಿಟ್ಟರೆ ಗಾಳಿ ಚೆನ್ನಾಗಿ ಆಡುತ್ತದೆ. ಅಷ್ಟು ದೊಡ್ಡ ರಾಶಿ ತಾನಾಗಿಯೇ ಬಿಸಿಯಾಗಿ ಐವತ್ತೈದು ಡಿಗ್ರಿ ದಾಟುತ್ತದೆ, ಕಳೆಯ ಬೀಜವೂ ಸಾಯುತ್ತದೆ. ಸಣ್ಣ ಡ್ರಮ್ ಅಷ್ಟು ಬಿಸಿಯಾಗುವುದಿಲ್ಲ, ಆದ್ದರಿಂದ ಗೊಬ್ಬರ ಹಾಕಿದಲ್ಲೆಲ್ಲ ಟೊಮೆಟೊ, ಕುಂಬಳದ ಸಸಿ ಎದ್ದರೆ ಗಾಬರಿ ಬೇಡ.

4. ಅಡುಗೆಮನೆಯಲ್ಲೇ ನೀರು ಬಸಿಯಿರಿ

ಹಸಿ ಕಸ, ಒಣ ಕಸ, ಮನೆಯ ಅಪಾಯಕಾರಿ ಕಸ ಎಂದು ಮೂರಾಗಿ ಬೇರ್ಪಡಿಸಬೇಕೆಂದು 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳೇ ಹೇಳಿದ್ದವು. ಹೆಚ್ಚಿನ ಮನೆಗಳಲ್ಲಿ ಇದು ರೂಢಿಯಾಗಿದೆ. ರೂಢಿಯಾಗದಿರುವುದು ನೀರು ಬಸಿಯುವುದು.

ಹಸಿ ಕಸದ ಪಾತ್ರೆಯೊಳಗೆ ತೂತಿನ ಬುಟ್ಟಿಯೊಂದನ್ನು ಇಳಿಸಿ. ರಾತ್ರಿಯವರೆಗೆ ಬಸಿದ ನೀರನ್ನು ತೆಂಗಿನ ಬುಡಕ್ಕೆ ಚೆಲ್ಲಿ. ಉಳಿದ ಸಾರು, ಪಳದ್ಯ, ಮಜ್ಜಿಗೆ ಡ್ರಮ್ಮಿಗೆ ಹೋಗಕೂಡದು. ದನವಿರುವ ಮನೆಯಾದರೆ ಸಿಪ್ಪೆ, ಅಕ್ಕಿ ತೊಳೆದ ನೀರು ಮೊದಲು ಅಕ್ಕಚ್ಚಿಗೆ. ಆದರೆ ಸಮಾರಂಭದಲ್ಲಿ ಮಿಕ್ಕ ಅನ್ನವನ್ನು ಒಟ್ಟಿಗೆ ಸುರಿಯಬೇಡಿ, ದನದ ಹೊಟ್ಟೆಯಲ್ಲಿ ಹುಳಿ ಏರಿ ಪ್ರಾಣಕ್ಕೇ ಬರುತ್ತದೆ.

ಬಾಳೆಎಲೆಯನ್ನು ಇಡಿಯಾಗಿ ಹಾಕಿದರೆ ಪದರಗಟ್ಟಿ ಕೆಳಗಿನದನ್ನು ಉಸಿರುಗಟ್ಟಿಸುತ್ತದೆ, ಹರಿದು ಹಾಕಿ. ಹಾಳೆ ತಟ್ಟೆಯನ್ನು ನೆನೆಸಿ ತುಂಡು ಮಾಡಿ. ಕಾಗದದ ಚಹಾ ಲೋಟದ ಒಳಮೈಗೆ ಪ್ಲಾಸ್ಟಿಕ್ ಲೇಪವಿರುತ್ತದೆ, ಬೇಡ. ‘ಕರಗುವ ಚೀಲ’ ಎಂದು ಮಾರುವವುಗಳಲ್ಲಿ ಬಹುಪಾಲು ಕಾರ್ಖಾನೆಯ ಮಟ್ಟದ ಬಿಸಿಯಲ್ಲಷ್ಟೇ ಕರಗುತ್ತವೆ, ನಿಮ್ಮ ಡ್ರಮ್ಮಿನಲ್ಲಲ್ಲ. ಕೊಳೆರೋಗದ ಅಡಿಕೆಯನ್ನು ಮಾತ್ರ ಯಾವ ಕಾರಣಕ್ಕೂ ಸೇರಿಸಬೇಡಿ. ರೋಗವನ್ನು ನೀವೇ ಗೊಬ್ಬರದ ಜೊತೆ ತೋಟಕ್ಕೆ ಹೊತ್ತು ಹಾಕಿದಂತಾಗುತ್ತದೆ.

ಇನ್ನೊಂದು ಸಣ್ಣ ಸಂಗತಿ. ಗೊಬ್ಬರ ಜರಡಿ ಹಿಡಿದಾಗ ಎಲ್ಲರ ಮನೆಯಲ್ಲೂ ಸಿಗುವ ಪ್ಲಾಸ್ಟಿಕ್ ಎಂದರೆ ಹಾಲಿನ ಪೊಟ್ಟಣದ ಮೂಲೆ, ಮೂರು ತಿಂಗಳ ನಂತರವೂ ಅಕ್ಷರ ಸಮೇತ. ಮೂಲೆಯನ್ನು ಪೂರ್ತಿ ಕತ್ತರಿಸದೆ ಒಂದು ಎಳೆ ಬಿಟ್ಟು ತೂಗಾಡಿಸಿದರೆ ಅದು ಪೊಟ್ಟಣದ ಜೊತೆಯೇ ಒಣ ಕಸಕ್ಕೆ ಹೋಗುತ್ತದೆ.

5. ಡ್ರಮ್ ಹೂಡುವುದು

ಮೊದಲ ಪದರ ಆರು ಇಂಚು ತೆಂಗಿನ ಅಥವಾ ಅಡಿಕೆಯ ಸಿಪ್ಪೆ. ಅದು ಕರಗಲಿ ಎಂದು ಹಾಕುವುದಲ್ಲ, ನೀರು ಇಳಿದುಹೋಗಲಿ ಎಂದು. ಅದರ ಮೇಲೆ ನಾಲ್ಕು ಇಂಚು ದರಕು. ಅದರ ಮೇಲೆ ಎರಡು ಬೊಗಸೆ ಹಳೆಯ ಗೊಬ್ಬರ ಅಥವಾ ಒಣಗಿದ ಸಗಣಿ. ಗೋಬರ್‌ಗ್ಯಾಸಿನ ಸ್ಲರಿಯನ್ನು ಬೇಸಿಗೆಯಲ್ಲಿ ಧಾರಾಳವಾಗಿ ಬಳಸಬಹುದು, ಜೂನ್ ನಂತರ ಬೇಡ, ಅದೂ ನೀರೇ. ಅಂಗಡಿಯಲ್ಲಿ ಮಾರುವ ಸೂಕ್ಷ್ಮಜೀವಿ ಪುಡಿಗೆ ದುಡ್ಡು ಸುರಿಯುವ ಅಗತ್ಯ ನನಗಂತೂ ಕಾಣುವುದಿಲ್ಲ. ಸಗಣಿ, ಮಣ್ಣು, ದರಕಿನಲ್ಲಿ ಆ ಜೀವಿಗಳು ಬೇಕಾದಷ್ಟಿವೆ. ಕೊರತೆ ಇರುವುದು ಗಾಳಿಗೆ.

6. ನಿತ್ಯದ ಕೆಲಸ

ಬೇಸಿಗೆಯಲ್ಲಿ ಒಂದು ಮಗ್ಗು ಹಸಿ ಕಸಕ್ಕೆ ಒಂದು ಮಗ್ಗು ದರಕು. ಮಳೆಗಾಲದಲ್ಲಿ ಒಂದಕ್ಕೆ ಎರಡು. ಕಸ ಸುರಿದ ಮೇಲೆ ಒಂದು ಸಿಪ್ಪೆಯೂ ಕಣ್ಣಿಗೆ ಬೀಳದಂತೆ ಮುಚ್ಚಿ. ನೊಣಕ್ಕೆ ಕಾಣಬಾರದು, ಅಷ್ಟೇ ಲೆಕ್ಕ.

ವಾರಕ್ಕೆ ಎರಡು ಸಲ ಮುಳ್ಳುಗೋಲಿನಿಂದ ಅಡಿಮೇಲು ಮಾಡಿ, ತಳದ ಸಿಪ್ಪೆಯ ಪದರವನ್ನು ಮಾತ್ರ ಕದಡಬೇಡಿ. ತಿರುವಿದಾಗ ಒಂದು ಹಿಡಿ ತೆಗೆದು ಬಲವಾಗಿ ಹಿಂಡಿ. ಬೆರಳ ಸಂದಿಯಲ್ಲಿ ಒಂದೆರಡು ಹನಿ ಕಂಡರೆ ತೇವ ಸರಿ. ನೀರು ಮಣಿಕಟ್ಟಿನತ್ತ ಹರಿದರೆ ಆ ದಿನವೇ ಅರ್ಧ ಬಕೆಟ್ ದರಕು ಬೆರೆಸಿ. ಮುಷ್ಟಿ ಬಿಚ್ಚಿದೊಡನೆ ಉದುರಿಹೋದರೆ ಒಣಗಿದೆ ಎಂದರ್ಥ. ಅಂಥದ್ದು ಇಲ್ಲಿ ಮಾರ್ಚಿನಲ್ಲಿ ಮಾತ್ರ ಆಗುತ್ತದೆ.

7. ಅಪಾಯದ ಸೂಚನೆಗಳು

ಕೊಳೆತ ಮೊಟ್ಟೆಯ ನಾತ: ಗಾಳಿ ಸತ್ತಿದೆ. ದರಕು ಸುರಿದು ಸುಮ್ಮನೆ ಮುಚ್ಚುವುದು ತಪ್ಪು, ಮೇಲಿನ ದರಕು ತಳದ ರಾಡಿಯನ್ನು ಮುಟ್ಟುವುದೇ ಇಲ್ಲ. ಎಲ್ಲವನ್ನೂ ಹೊರತೆಗೆದು ಟಾರ್ಪಾಲಿನ ಮೇಲೆ ಹರಡಿ, ಅಷ್ಟೇ ಪ್ರಮಾಣದ ದರಕು ಕಲಸಿ, ತಳದ ತೂತು ಕಟ್ಟಿಕೊಂಡಿದ್ದರೆ ಕಡ್ಡಿ ಹಾಕಿ ಬಿಡಿಸಿ, ಮತ್ತೆ ತುಂಬಿ. ಎರಡು ಮೂರು ದಿನದಲ್ಲಿ ನಾತ ಇಳಿಯುತ್ತದೆ.

ಮೂಗು ಉರಿಸುವ ಘಾಟು: ಇದು ಅಮೋನಿಯಾ. ಒಂದೋ ಸಗಣಿ, ಹಸಿ ಸೊಪ್ಪು ಹೆಚ್ಚಾಗಿದೆ, ಇಲ್ಲವೇ ಬಚ್ಚಲ ಒಲೆಯ ಬೂದಿ ಬಿದ್ದಿದೆ. ಹುಳ ಸಾಯಲಿ ಎಂದು ಬೂದಿ ಸುರಿಯುವ ಅಭ್ಯಾಸ ಮನೆಮನೆಯಲ್ಲೂ ಇದೆ. ಬೂದಿ ಕ್ಷಾರ, ಸಾರಜನಕವನ್ನು ಗಾಳಿಗೆ ಹಾರಿಸುತ್ತದೆ. ನಮ್ಮ ಕಡೆಯ ಹುಳಿ ಮಣ್ಣಿಗೆ ಬೂದಿ ಒಳ್ಳೆಯದೇ, ಆದರೆ ನೇರವಾಗಿ ಮಣ್ಣಿಗೆ ಹಾಕಿ, ಡ್ರಮ್ಮಿಗಲ್ಲ.

ಹುಳ: ಜನ ಡ್ರಮ್ ಮಗುಚುವುದು ಇದನ್ನು ನೋಡಿಯೇ. ನಿಧಾನವಾಗಿ ನೋಡಿ. ಚಪ್ಪಟೆಯಾಗಿ, ಬೂದು ಕಂದು ಬಣ್ಣದ, ಅಡ್ಡಡ್ಡ ಗೆರೆಗಳಿರುವ, ಮುಟ್ಟಿದರೆ ಗಟ್ಟಿ ಎನಿಸುವ ಹುಳವಾದರೆ ಅದು ಕಪ್ಪು ಸೈನಿಕ ನೊಣದ ಮರಿ. ನಿಮಗಿಂತ ಚುರುಕಾಗಿ ಕಸ ತಿನ್ನುತ್ತದೆ, ಅದರ ನೊಣ ಅಡುಗೆಮನೆಗೆ ಬಂದು ಅನ್ನದ ಮೇಲೆ ಕೂರುವ ಜಾತಿಯಲ್ಲ. ಬಿಟ್ಟುಬಿಡಿ. ಬಿಳಿಯ, ಮೆತ್ತಗಿನ, ಒಂದು ತುದಿ ಚೂಪಾದ ಸಣ್ಣ ಹುಳವಾದರೆ ಮನೆನೊಣದ್ದು. ಕಸ ಮುಚ್ಚದೆ ಬಿಟ್ಟಿದ್ದೀರಿ, ಅನ್ನ ಹೆಚ್ಚು ಹಾಕಿದ್ದೀರಿ.

ನಿಜವಾಗಿ ಹೆದರಬೇಕಾದದ್ದು ಮೂರನೆಯದಕ್ಕೆ. ಹೆಬ್ಬೆರಳ ಗಾತ್ರದ, ಬಿಳಿ ಮೈಯ, ಕಂದು ತಲೆಯ, ಮುಟ್ಟಿದರೆ ಸುರುಟಿಕೊಳ್ಳುವ ದಪ್ಪ ಗೊಬ್ಬರದ ಹುಳ ತೆಂಗಿನ ಸುಳಿ ಕೊರೆಯುವ ಕುರುವಾಯಿ ದುಂಬಿಯ ಮರಿಯಾಗಿರಬಹುದು. ಸಗಣಿ ಗುಂಡಿ, ಕೊಳೆತ ತೆಂಗಿನ ಬೊಡ್ಡೆ, ಬಹಳ ದಿನ ತಿರುವದೆ ಬಿಟ್ಟ ಗೊಬ್ಬರ ಇವೇ ಅದರ ತೊಟ್ಟಿಲು. ಎರಡು ಡ್ರಮ್ಮಿನ ಗೊಬ್ಬರಕ್ಕೆ ಆಸೆಪಟ್ಟು ಹಿತ್ತಿಲಿನ ತೆಂಗನ್ನೇ ಕಳೆದುಕೊಳ್ಳಬಾರದು. ತಿರುವಿದಾಗಲೆಲ್ಲ ಆರಿಸಿ ಕೋಳಿಗೆ ಹಾಕಿ. ದೊಡ್ಡ ಗುಂಡಿಯಿರುವವರು ಮೆಟರೈಜಿಯಂ ಎಂಬ ಶಿಲೀಂಧ್ರವನ್ನು ಗುಂಡಿಗೆ ಬೆರೆಸಬಹುದು, ಅದು ಈ ಮರಿಗಳನ್ನೇ ಕೊಲ್ಲುತ್ತದೆ; ಹತ್ತಿರದ ಕೃಷಿ ಅಥವಾ ತೋಟಗಾರಿಕೆ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ.

ಹೆಗ್ಗಣ ಬಂದರೆ ಹಿಂದೆಯೇ ಹಾವೂ ಬರುತ್ತದೆ. ಮಳೆಗಾಲದಲ್ಲಿ ಡ್ರಮ್ಮಿನ ಸುತ್ತ ಬರಿಗೈ ಹಾಕಬೇಡಿ, ಸಂಜೆಯಾದ ಮೇಲೆ ಬ್ಯಾಟರಿ ಇಲ್ಲದೆ ಹೋಗಬೇಡಿ.

8. ಮೀನಿನ ಕಸ ಬೇರೆಯೇ

ಕರಾವಳಿಯ ಮನೆಯಲ್ಲಿ ಬಂಗುಡೆಯ ತಲೆ, ತಾರ್ಲೆಯ ಕರುಳು, ಶೆಟ್ಲಿಯ ಸಿಪ್ಪೆ ಇಲ್ಲದ ದಿನ ಕಡಿಮೆ. ಇದನ್ನು ಡ್ರಮ್ಮಿಗೆ ಹಾಕಿದರೆ ಮೇಲೆ ಹೇಳಿದ ಯಾವ ಉಪಾಯವೂ ಉಳಿಸುವುದಿಲ್ಲ.

ಎತ್ತರದ ಹಿತ್ತಿಲಿನಲ್ಲಿ, ತೆಂಗಿನ ಬುಡದಿಂದ ನಾಲ್ಕೈದು ಅಡಿ ದೂರಕ್ಕೆ, ಒಂದೂವರೆ ಅಡಿ ಆಳದ ಕಾಲುವೆ ತೋಡಿ. ಆ ದಿನದ ಕಸ, ಮೇಲೆ ಎರಡು ಹಿಡಿ ದರಕು, ಮೇಲೆ ಮಣ್ಣು, ಅದರ ಮೇಲೆ ಚಿರೆಕಲ್ಲು. ಕಲ್ಲು ಮರೆತರೆ ರಾತ್ರಿ ನಾಯಿ ಅಗೆಯುತ್ತದೆ. ಮರುದಿನ ಮುಂದಿನ ಗೇಣು. ಮೀನು ತೊಳೆದ ನೀರನ್ನೂ ದಿನಾ ಒಂದೇ ಮರಕ್ಕೆ ಸುರಿಯದೆ ಮರ ಬದಲಿಸಿ.

ನೀರು ನಿಲ್ಲುವ ಹಿತ್ತಿಲಾದರೆ ಹೂಳಬೇಡಿ, ಅದು ನೇರ ಬಾವಿಗೆ ಇಳಿಯುತ್ತದೆ. ಮಾಡಿನ ಕೆಳಗಿನ ದಬ್ಬೆ ಗೂಡಿನಲ್ಲಿ ಒಂದಡಿ ಮರದ ಹೊಟ್ಟು ಹಾಸಿ, ನಡುವೆ ಮೀನಿನ ಕಸ, ಅದರ ಮೂರು ಪಟ್ಟು ಹೊಟ್ಟು ಬೆರೆಸಿ, ಸುತ್ತಲೂ ಮೇಲೂ ಮತ್ತೆ ಒಂದಡಿ ಹೊಟ್ಟು. ಮೊದಲ ಮೂರು ನಾಲ್ಕು ವಾರ ಇದನ್ನು ತಿರುವಲೇಬಾರದು. ತಿರುವಿದರೆ ಇಡೀ ಕೇರಿಗೆ ಸುದ್ದಿ.

ಬೆಳಚು, ಕಲ್ವದ ಚಿಪ್ಪು ಕರಗುವುದಿಲ್ಲ. ಜಜ್ಜಿ ತೆಂಗಿನ ಪಾತಿಗೆ ಹಾಕಿ, ಸುಣ್ಣದ ಅಂಶ ನಿಧಾನವಾಗಿ ಇಳಿಯುತ್ತದೆ.

9. ಖಾನಾವಳಿ, ಹೋಂಸ್ಟೇಗಳಿಗೆ

ಗೋಕರ್ಣ, ಕಾರವಾರ, ಯಾಣದ ದಾರಿಯ ಹೋಂಸ್ಟೇಗಳು ‘ಪರಿಸರಸ್ನೇಹಿ’ ಎಂದು ಫಲಕ ಹಾಕುವ ಮೊದಲು ತೂಗುವ ತಕ್ಕಡಿ ತರಲಿ. ಒಂದು ವಾರ ಹಸಿ ಕಸವನ್ನು ದಿನಾ ತೂಗಿ ಗೋಡೆಯ ಮೇಲೆ ಬರೆಯಿರಿ. ಅಂದಾಜಿನ ಮೇಲೆ ಕೊಂಡ ಡ್ರಮ್ ಶನಿವಾರ, ಭಾನುವಾರಕ್ಕೆ ಸಾಲುವುದಿಲ್ಲ.

ದಿನಕ್ಕೆ ಹದಿನೈದು ಕಿಲೋ ಎಂದುಕೊಳ್ಳಿ. ಮಳೆಗಾಲದಲ್ಲಿ ದಿನಕ್ಕೆ ಅರ್ಧ ಚೀಲ ಪುಡಿ ದರಕು, ನಾಲ್ಕು ತಿಂಗಳಿಗೆ ಅರವತ್ತು ಚೀಲ. ಇಷ್ಟನ್ನು ಗುಡಿಸಿ ಕೂಡಿಡಲು ಆಗುವುದಿಲ್ಲ. ಮರದ ಮಿಲ್ಲಿನ ಹೊಟ್ಟು, ನಾರಿನ ಪುಡಿಯನ್ನು ಮೇ ಒಳಗೇ ಮಾತಾಡಿ ತರಿಸಿಕೊಳ್ಳಿ. ದಬ್ಬೆಯದ್ದೋ ಇಟ್ಟಿಗೆಯದ್ದೋ ಮೂರು ಗೂಡು ಸಾಲಾಗಿ: ಒಂದು ತುಂಬುತ್ತಿರುವುದು, ಒಂದು ಹಣ್ಣಾಗುತ್ತಿರುವುದು, ಒಂದು ಖಾಲಿ ಮಾಡುತ್ತಿರುವುದು.

ಕೆಲಸ ಕೆಡುವುದು ಗೂಡಿನಲ್ಲಲ್ಲ, ಎಂಜಲು ಎಲೆ ತೆಗೆಯುವಲ್ಲಿ. ಟೊಮೆಟೊ ಸಾಸಿನ ಪೊಟ್ಟಣ, ಟಿಶ್ಯೂ, ನೀರಿನ ಬಾಟಲಿಯ ಮುಚ್ಚಳ ಎಲ್ಲವೂ ಎಲೆಯೊಳಗೆ ಸುತ್ತಿಕೊಂಡು ಬರುತ್ತವೆ. ಆರಿಸುವ ಕೆಲಸವನ್ನು ಸಂಜೆ ಒಬ್ಬನ ತಲೆಗೆ ಕಟ್ಟಿದರೆ ಆತ ಮೂರನೇ ದಿನಕ್ಕೆ ಬಿಡುತ್ತಾನೆ, ಬಿಡಲೇಬೇಕು. ಎಲೆ ತೆಗೆಯುವವರ ಕೈಗೆಟಕುವಲ್ಲಿ ಎರಡು ಬಕೆಟ್ ಇಟ್ಟರೆ ಅಲ್ಲೇ ಬೇರೆಯಾಗುತ್ತದೆ. ಪೊಟ್ಟಣದ ಬದಲು ಮೇಜಿನ ಮೇಲೆ ಬಾಟಲಿ ಇಟ್ಟರೆ ಅರ್ಧ ಕೆಲಸ ಮುಗಿಯಿತು. ಪ್ಲಾಸ್ಟಿಕ್ ಸ್ಟ್ರಾ, ಚಮಚ, ತಟ್ಟೆ, ಲೋಟಗಳಂತೂ 2022ರ ಜುಲೈ 1ರಿಂದ ದೇಶದಾದ್ಯಂತ ನಿಷಿದ್ಧ. ಇನ್ನೂ ದಾಸ್ತಾನು ಇಟ್ಟುಕೊಂಡವರಿಗೆ ಕೊಡಲು ನನ್ನ ಬಳಿ ಸಲಹೆ ಇಲ್ಲ.

ಕರಿದ ಎಣ್ಣೆ ಗೂಡಿಗೂ ಬೇಡ, ಚರಂಡಿಗೂ ಬೇಡ. ಡಬ್ಬಿಯಲ್ಲಿ ತುಂಬಿಟ್ಟು ಬಯೋಡೀಸೆಲ್‌ಗೆ ಕೊಳ್ಳುವವರಿಗೆ ಕೊಡಿ. ಆಹಾರ ಸುರಕ್ಷತಾ ಪ್ರಾಧಿಕಾರ 2018ರಿಂದ ಈ ವ್ಯವಸ್ಥೆಯನ್ನು ನಡೆಸುತ್ತಿದೆ.

10. ತೆಗೆಯುವುದು, ಹಾಕುವುದು

ಬೇಸಿಗೆಯಲ್ಲಿ ತುಂಬಿದ ಡ್ರಮ್ ಎರಡರಿಂದ ಮೂರು ತಿಂಗಳಿಗೆ ಹಣ್ಣಾಗುತ್ತದೆ, ಮಳೆಗಾಲದ್ದಕ್ಕೆ ನಾಲ್ಕು ಕೊಡಿ. ಬಣ್ಣ ಕಪ್ಪಾಯಿತೆಂದು ನಂಬಬೇಡಿ, ರಾಡಿಯೂ ಕಪ್ಪೇ. ಒಂದು ಹಿಡಿಯನ್ನು ಡಬ್ಬಿಯಲ್ಲಿ ಮುಚ್ಚಿ ಮೂರು ದಿನ ಇಟ್ಟು ತೆಗೆಯಿರಿ. ಮೊದಲ ಮಳೆಯ ಮಣ್ಣಿನ ವಾಸನೆ ಬಂದರೆ ಆಗಿದೆ, ಹುಳಿ ವಾಸನೆ ಬಂದರೆ ಇನ್ನೂ ಮೂರು ವಾರ.

ಜರಡಿಯಲ್ಲಿ ಉಳಿದ ಒರಟು ತುಂಡುಗಳನ್ನು ಹೊಸ ಡ್ರಮ್ಮಿನ ತಳಕ್ಕೆ ಹಾಕಿ, ಹೂಡಲು ಅದಕ್ಕಿಂತ ಒಳ್ಳೆಯ ಬೀಜಗೊಬ್ಬರವಿಲ್ಲ. ಸಣ್ಣ ಪುಡಿಯನ್ನು ಜುಲೈ, ಆಗಸ್ಟ್‌ನಲ್ಲಿ ಪಾತಿಗೆ ಹಾಕಬೇಡಿ, ಸಾರವೆಲ್ಲ ಹೊಳೆಗೆ ಹೋಗುತ್ತದೆ. ಚೀಲದ ಬಾಯಿ ಸಡಿಲವಾಗಿ ಕಟ್ಟಿ ನೆರಳಿನಲ್ಲಿಡಿ. ಮಳೆಯ ರಭಸ ಇಳಿದು ಮಣ್ಣಿನಲ್ಲಿ ಇನ್ನೂ ಹಸಿಯಿರುವ ಸೆಪ್ಟೆಂಬರ್ ಕೊನೆ, ಅಕ್ಟೋಬರ್‌ನಲ್ಲಿ ಅಡಿಕೆ, ತೆಂಗಿನ ಬುಡ ಬಿಡಿಸಿ ಹಾಕಿ ಮೇಲೆ ದರಕು ಮುಚ್ಚಿ. ಕುಂಡದ ಗಿಡಗಳಿಗಾದರೆ ಒಂದು ಪಾಲು ಗೊಬ್ಬರಕ್ಕೆ ಮೂರು ಪಾಲು ಮಣ್ಣು.